ಸೇತುವೆಗೆ ಹೋಗಬೇಕಿದ್ದ ಸೈಕಲ್ಲುಗಳು

ಸೋಮವಾರ, ಮಾರ್ಚ್ 3

ಇವತ್ತು ಸೋಮವಾರದ ಉಪವಾಸ. ಐದಕ್ಕೆ ಎದ್ದು ಕೊಟ್ಟಿಗೆ ಗುಡಿಸಿ, ಎರಡೂ ಹಸು ಕರೆದು, ಹಾಲಿನ ಕ್ಯಾನು ಗೇಟಿನ ಹತ್ತಿರ ಇಟ್ಟು, ಸ್ನಾನ ಮಾಡಿ ದೇವರಿಗೆ ದೀಪ ಹಚ್ಚಿದೆ. ಸಂಜೆ ದೀಪದವರೆಗೆ ನೀರು ಬಿಟ್ಟು ಬೇರೇನೂ ಇಲ್ಲ. ಹಸಿವು ಹನ್ನೊಂದಕ್ಕೆ ಒಂದು ಸಲ ಬರುತ್ತದೆ, ಮೂರಕ್ಕೆ ಇನ್ನೊಂದು ಸಲ. ಆಗ ನೆಲ ಒರೆಸಿದರೆ ಹೋಗುತ್ತದೆ. ಸೋಮವಾರ ನಮ್ಮ ಮನೆಯ ನೆಲ ಹೊಳೆಯುವುದು ಭಕ್ತಿಯಿಂದ.

ಈ ಪುಸ್ತಕ ಬರೆಯುವುದು ಗುರುಗಳ ಅಪ್ಪಣೆ. ದಿನಾ ಸಂಜೆ ಆ ದಿನ ಹೇಳಿದ ಸುಳ್ಳನ್ನು ಬರೆದಿಡಬೇಕು, ಒಂದು ಸುಳ್ಳಿಗೆ ಮಾರನೆಯ ದಿನ ಒಂದು ಉಪವಾಸ. ಎರಡು ತಿಂಗಳಲ್ಲಿ ನನ್ನದು ಒಂದೂ ಇಲ್ಲ. ಹಾಗೆಂದು ಗುರುಗಳಿಗೆ ಹೇಳಿದರೆ, "ನಿಮ್ಮನೆ ಕಡೆ ಯಾರೂ ಬರಲ್ವೇನಮ್ಮ" ಎಂದರು. ಬರುವುದಿಲ್ಲ, ನಿಜ. ನಮ್ಮದು ರಸ್ತೆ ಮುಗಿಯುವ ಜಾಗ. ನಮ್ಮ ಕೊಟ್ಟಿಗೆಯಿಂದಾಚೆ ಹೊಲ, ಹೊಲದಾಚೆ ಇನ್ನೊಂದು ಹೊಲ. ಆದರೆ ಜನ ಬರದಿದ್ದರೆ ಸತ್ಯದ ತೂಕ ಕಡಿಮೆಯಾಗುತ್ತದೆಯೇ?

ನಮ್ಮನೆಯವರು ಮೂರು ದಿನದ ಕೆಲಸ ಮುಗಿಸಿ ಮೊಣಕೈವರೆಗೆ ಬಿಳಿ ಬಣ್ಣ ಮಾಡಿಕೊಂಡು ಬಂದರು. ಅವರು ಬೋರ್ಡು ಬರೆಯುವವರು. ಪಟ್ಟಣದಲ್ಲಿ ಒಂದು ಸೈಕಲ್ ಮಾರ್ಗ ಸಮಿತಿ ಆಗಿದೆ. ಪಟ್ಟಣದ ಜನ ಭಾನುವಾರ ಸೈಕಲ್ ಹತ್ತಿ, ಏರು ಹೆಚ್ಚಿಲ್ಲದ ರಸ್ತೆಯಲ್ಲಿ ಹೊಲ ನೋಡುತ್ತಾ ಇಪ್ಪತ್ತೊಂದು ಕಿಲೋಮೀಟರ್ ಬಂದು, ಒಂದು ಐತಿಹಾಸಿಕ ಹಳ್ಳಿ ನೋಡಿ, ಅದೇ ದಾರಿಯಲ್ಲಿ ವಾಪಸು ಹೋಗಬೇಕಂತೆ. ದಾರಿಯುದ್ದಕ್ಕೂ ರಸ್ತೆ ಮೇಲೆ ಬಾಣ ಬರೆಯುವ ಕೆಲಸ ಇವರದು.

ಐತಿಹಾಸಿಕ ಹಳ್ಳಿ ಎಂದರೆ ಅಕ್ಕನ ಊರು, ಹಳೆಯ ಕಲ್ಲಿನ ಸೇತುವೆ ಇರುವುದು. ಕವಲಿನಲ್ಲಿ ಬಲಕ್ಕೆ ತಿರುಗಿದರೆ ಸೇತುವೆ, ಎಡಕ್ಕೆ ತಿರುಗಿದರೆ ನಮ್ಮ ಕೊಟ್ಟಿಗೆ. ಅಕ್ಕ ಸೇತುವೆ ಪಕ್ಕದ ಕೋಣೆ ಬಾಡಿಗೆಗೆ ಹಿಡಿದು ಚಹಾದಂಗಡಿ ಇಟ್ಟಿದ್ದಾಳೆ. ಭಾವ ಹೋದ ಮೇಲೆ ಅವಳಿಗೆ ಇರುವುದು ಅದೊಂದೇ. ಏಪ್ರಿಲ್ ಹತ್ತರೊಳಗೆ ಅಂಗಡಿ ನಡೆಯುವ ಲಕ್ಷಣ ಕಾಣದಿದ್ದರೆ ಬೀಗದ ಕೈ ಕೊಟ್ಟು ಸೊಸೆಯ ಮನೆಗೆ ಹೋಗಿ ಇರಬೇಕು. ಹಾಲಿನ ವ್ಯಾನಿನವರ ಕೈಲಿ ಚೀಟಿ ಕಳಿಸಿದ್ದಾಳೆ: "ಹನ್ನೆರಡು ಕುರ್ಚಿ ತೊಳೆದಿಟ್ಟಿದೀನಿ. ಸೊಸೆ ಮನೇಲಿ ಕೂತ್ಕೊಳ್ಳೋಕೂ ಕೇಳಿ ಕೂತ್ಕೋಬೇಕು ಕಣೇ. ದೇವರ ಹತ್ರ ನಿನ್ನ ಮಾತು ನಡೆಯತ್ತೆ, ಒಂದು ಮಾತು ಹೇಳು."

ಹೇಳಿದೆ. ಸುಳ್ಳು: ಇಲ್ಲ.

ಭಾನುವಾರ, ಮಾರ್ಚ್ 9

ಬೆಳಿಗ್ಗೆ ಹತ್ತಕ್ಕೆ ಎಂಟು ಸೈಕಲ್ಲು ನಮ್ಮ ಅಂಗಳಕ್ಕೇ ಬಂದು ನಿಂತವು. ಗಂಡಸರು, ಹೆಂಗಸರು, ಎಲ್ಲರಿಗೂ ಮೈಗಂಟಿದ ಬಟ್ಟೆ. ನಾನು ಹಸುವಿನ ಕಡೆ ನೋಡುತ್ತಾ ಮಾತಾಡಿದೆ.

"ಅಜ್ಜಿ, ಇದೇನಾ ಐತಿಹಾಸಿಕ ಹಳ್ಳಿ?"

ನನಗೆ ಐವತ್ತು. ಕೇಳಿದವನಿಗೆ ನಲವತ್ತಕ್ಕೆ ಕಡಿಮೆಯಿಲ್ಲ. ಆದರೂ ಸಮಾಧಾನದಿಂದಲೇ ಹೇಳಿದೆ, "ಅಲ್ಲಪ್ಪ, ಇದು ಕೊಟ್ಟಿಗೆ. ಕವಲಿಗೆ ವಾಪಸು ಹೋಗಿ ಆ ಕಡೆ ತಿರುಗಿ."

"ಫೋನೂ ಆ ಕಡೇನೇ ತೋರಿಸ್ತಿತ್ತು," ಎಂದಳು ಒಬ್ಬಳು.

"ಸಮಿತಿಯವರ ಬಾಣಕ್ಕಿಂತ ಫೋನ್ ದೊಡ್ಡದಾ? ಇಪ್ಪತ್ತೊಂದು ಕಿಲೋಮೀಟರ್ ಆಯ್ತು. ಅಂದ್ರೆ ಬಂದಾಯ್ತು," ಎಂದು ಅವನು ನಮ್ಮ ಗೋಡೆಗೆ ಸೈಕಲ್ ಒರಗಿಸಿದ. ಒರಗಿಸಿದ ಮೇಲೆ ಗೋಡೆ ನೋಡಿದ. "ಏನು ಗೋಡೆ ನೋಡ್ರೋ. ಎಷ್ಟು ಹಳೇದಜ್ಜಿ?"

"ಹನ್ನೊಂದು ವರ್ಷ. ನಮ್ಮನೆಯವರು ಕಟ್ಟಿದ್ದು."

ಎಲ್ಲರೂ ನಕ್ಕರು. "ಹಳ್ಳಿ ಜನ ಹೀಗೇ ನೋಡು, ದೊಡ್ಡ ವಿಷಯ ಹೇಳ್ಕೊಳ್ಳಲ್ಲ," ಎಂದ. ಮತ್ತೆ ಕೇಳಿದ. ಮತ್ತೆ ಹೇಳಿದೆ. ಮೂರನೇ ಸಲ ಕೇಳಿದಾಗ ಹಸುವಿಗೆ ನೀರಿಡುವ ಹೊತ್ತಾಗಿತ್ತು. "ಹಳೇದೇ," ಎಂದೆ.

ಹನ್ನೊಂದು ವರ್ಷ ಹೊಸದೇನಲ್ಲ. ಸುಳ್ಳು: ಇಲ್ಲ.

ಮಂಗಳವಾರ, ಮಾರ್ಚ್ 11

ಹುಲ್ಲು ತರುವ ನೆಪದಲ್ಲಿ ಕವಲಿನವರೆಗೆ ಹೋಗಿ ನೋಡಿದೆ. ಬಾಣ ನಮ್ಮ ಕಡೆಗಿದೆ. ಅಂಚು ಎಷ್ಟು ನೀಟಾಗಿದೆ ಎಂದರೆ ತಪ್ಪೆಂದು ಹೇಳಲು ಮನಸ್ಸು ಬರುವುದಿಲ್ಲ.

ಆದದ್ದು ಹೀಗೆ. ಇವರು ರಸ್ತೆಯಲ್ಲಿ ಬರೆಯುವಾಗ ಹಸಿ ಬಣ್ಣ ತುಳಿಯದ ಹಾಗೆ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ ಬರೆಯುತ್ತಾರೆ. ಕವಲಿನಲ್ಲಿ ಬರುವವರಿಗೆ ಎದುರಾಗಿ ಬಗ್ಗಿದ್ದಾರೆ. ಅವರ ಬಲ, ಬರುವವರ ಎಡ.

ಹೇಳಲಿಲ್ಲ. ಮೂವತ್ತು ವರ್ಷದಲ್ಲಿ ಒಂದು ಅಕ್ಷರ ತಪ್ಪಿಲ್ಲ ಎನ್ನುವುದು ಅವರ ಹೆಮ್ಮೆ. ಒಮ್ಮೆ ಔಷಧದ ಅಂಗಡಿಯ ಬೋರ್ಡಿನಲ್ಲಿ ಒಂದು ಕೊಂಬು ಹೆಚ್ಚಾಗಿ ಎರಡು ದಿನ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಗುರುಗಳು ಬರೆಯಲು ಹೇಳಿದ್ದು ಸುಳ್ಳನ್ನು. ಸುಮ್ಮನಿರುವುದನ್ನು ಬರೆ ಎಂದಿಲ್ಲ.

ಭಾನುವಾರ, ಮಾರ್ಚ್ 16

ಹದಿನೇಳು ಸೈಕಲ್. ಇವರು ಭಾನುವಾರ ಪಟ್ಟಣದಲ್ಲಿ ಅಂಗಡಿ ಷಟರು ಬರೆಯಲು ಹೋಗುತ್ತಾರೆ, ನಾನೊಬ್ಬಳೇ. ಬಿಸಿಲಲ್ಲಿ ಬಂದವರಿಗೆ ನೀರು ಕೊಡುವುದು ಧರ್ಮ. ನೀರಿನ ಜೊತೆ ಚಹಾ ಕೊಡುವುದೂ ಅಧರ್ಮವಲ್ಲ.

ಮುಂಚೆ ಬಂದವನು ಗೋಡೆಯ ಫೋಟೊ ಎಲ್ಲರಿಗೂ ಕಳಿಸಿದ್ದಾನಂತೆ. "ಮುನ್ನೂರು ವರ್ಷ ಆಗಿರ್ಬೋದಾ ಅಜ್ಜಿ?" ಎಂದು ಒಬ್ಬಳು ಕೇಳಿದಳು.

"ಎಣಿಸಿದವರ್ಯಾರಮ್ಮ," ಎಂದೆ.

ಯಾರೂ ಎಣಿಸಿಲ್ಲ, ನಿಜವೇ. ಸುಳ್ಳು: ಇಲ್ಲ.

ಬುಧವಾರ, ಮಾರ್ಚ್ 19

ಅಕ್ಕನ ಚೀಟಿ. "ಎರಡು ಭಾನುವಾರ ಆಯ್ತು, ಒಂದು ನರಪಿಳ್ಳೆ ಇಲ್ಲ. ಮಾಡಿಟ್ಟ ಚಹಾ ನಾನೇ ಕುಡಿದು ನಿದ್ದೆ ಬರ್ತಿಲ್ಲ. ನಿಮ್ಮ ಕಡೆ ಏನಾದ್ರೂ ಸೈಕಲ್ ಕಂಡ್ಯಾ? ಉತ್ತರ ಬರಿ."

ಹಾಲಿನವರು ಗೇಟಿನಲ್ಲಿ ಕಾದರು. ನಾನು ಬರೆದೆ: "ಅಕ್ಕಾ, ಇಲ್ಲಿ ಬಿಸಿಲು ಜಾಸ್ತಿ. ಹಸು ಆರಾಮ." ಓದಿ ನೋಡಿದರೆ ಅದು ಉತ್ತರವಲ್ಲ. ಹರಿದೆ.

"ಇವತ್ತು ಇಲ್ಲಣ್ಣ, ನಾಳೆ ಕೊಡ್ತೀನಿ," ಎಂದೆ.

"ನಿಮ್ಮಕ್ಕ ಗಾಡಿ ಸದ್ದು ಕೇಳಿದ್ರೆ ಈಚೆಗೆ ಬಂದು ನಿಲ್ತಾರಮ್ಮ. ನನಗೇ ಒಂಥರಾ ಆಗುತ್ತೆ," ಎಂದರು ಅವರು.

ಚಿಕ್ಕಂದಿನಿಂದಲೂ ಅಕ್ಕ ಜನ ತಿರುಗಿ ನೋಡುವ ಹುಡುಗಿ. ನನ್ನನ್ನು ಊರಲ್ಲಿ 'ಅವಳ ತಂಗಿ' ಎಂದೇ ಕರೆಯುತ್ತಿದ್ದರು. ಶಾಲೆಯ ಮೇಷ್ಟ್ರೂ ಹಾಜರಿಯಲ್ಲಿ ಒಂದೆರಡು ಸಲ ಹಾಗೇ ಕರೆದಿದ್ದಾರೆ. ಇದನ್ನು ಯಾಕೆ ಬರೆದೆನೋ ಗೊತ್ತಿಲ್ಲ.

ಭಾನುವಾರ, ಮಾರ್ಚ್ 23

ಮೂವತ್ತೊಂದು ಸೈಕಲ್. ಎಣಿಸಿದ್ದು ಲೋಟಕ್ಕಾಗಿ.

ಇವತ್ತು ಹಸುವಿನ ನೀರಿನ ತೊಟ್ಟಿಯ ಸರದಿ. ಸಿಮೆಂಟಿನದು. ಪಾಚಿ ಕಟ್ಟಿದೆ, ಉಜ್ಜಬೇಕು ಎಂದುಕೊಂಡು ಉಜ್ಜಿರಲಿಲ್ಲ. ಟೋಪಿಯ ಮೇಲೆ ಕ್ಯಾಮೆರಾ ಕಟ್ಟಿಕೊಂಡ ಹೆಂಗಸೊಬ್ಬಳು ಅದರ ಸುತ್ತ ಮೂರು ಸುತ್ತು ಬಂದಳು. "ಇದು ಆಗಿನ ಕಾಲದ ಗಾರೆ. ರಾಜರ ಓಲೆಕಾರರು ಕುದುರೆಗೆ ನೀರು ಕುಡಿಸ್ತಿದ್ದ ತೊಟ್ಟಿ ಅಲ್ವಾ ಇದು?"

"ಕುಡಿಸಿರಬಹುದು," ಎಂದೆ. ಕುದುರೆ ಬಂದಿದ್ದರೆ ನಾನೇ ಬೇಡವೆನ್ನುತ್ತಿದ್ದೆನೇ?

"ಅಜ್ಜಿ, ನಿಮಗೆಷ್ಟು ವಯಸ್ಸು?"

"ನೀವೇ ಹೇಳಿ."

"ಎಂಬತ್ತು?"

ನಾನು ನಕ್ಕು ಸುಮ್ಮನಾದೆ. ಅವರೆಲ್ಲ, "ಎಂಬತ್ತಕ್ಕೆ ಹೇಗಿದಾರೆ ನೋಡಿ, ಒಂದು ಸುಕ್ಕಿಲ್ಲ," ಎಂದು ಬೆರಗಾದರು. ಐವತ್ತಕ್ಕೆ ಹೀಗಿದ್ದೇನೆ ಎಂದರೆ ಯಾರು ಬೆರಗಾಗುತ್ತಾರೆ? ಈ ತಿಂಗಳು ತಲೆಗೆ ಬಣ್ಣ ಹಚ್ಚಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಪೊಟ್ಟಣ ಮುಗಿದಿತ್ತು. ಮೆಟ್ಟಿಲು ಇಳಿಯುವಾಗ ಮೊಣಕಾಲು ಹಿಡಿದುಕೊಂಡೆ, ಒಬ್ಬನು ಓಡಿ ಬಂದು ಕೈ ಹಿಡಿದ. ಕಾಲು ನೋಯುತ್ತಿರಲಿಲ್ಲ, ಆದರೆ ಯಾವತ್ತಾದರೂ ನೋಯುತ್ತದೆ.

ಸುಳ್ಳು: ಹುಡುಕಿದೆ, ಸಿಗಲಿಲ್ಲ.

ಸೋಮವಾರ, ಮಾರ್ಚ್ 24

ಉಪವಾಸ. ನಿನ್ನೆಯ ಲೋಟ ತೊಳೆದು ಸೊಂಟ ಬಿದ್ದುಹೋಗಿತ್ತು, ಹನ್ನೊಂದಕ್ಕೆ ಗಂಜಿ ಕುಡಿದೆ. ಮೂರಕ್ಕೂ ಕುಡಿದೆ. ದೇವರಿಗೆ ಎಲ್ಲ ಗೊತ್ತಿರುತ್ತದೆ.

ಗುರುವಾರ, ಮಾರ್ಚ್ 27

ಸಮಿತಿಯ ಅಧ್ಯಕ್ಷರು ಬಂದಿದ್ದರು. ಕಾಲೇಜಿನಲ್ಲಿ ಇತಿಹಾಸ ಹೇಳಿಕೊಟ್ಟು ನಿವೃತ್ತರಾದವರು. ಬಂದದ್ದು ಕಾರಿನಲ್ಲಿ, ತಲೆಯ ಮೇಲೆ ಮಾತ್ರ ಸೈಕಲ್ ಟೋಪಿ. ಬಾಣದ ವಿಷಯ ಬಯಲಾಯಿತು ಎಂದುಕೊಂಡೆ. ಒಳಗಿದ್ದ ಇವರೂ ಕುಂಚ ಒರೆಸುತ್ತಾ ಈಚೆ ಬಂದರು.

"ತಾಯಿ, ನೀವು ಇಷ್ಟು ದಿನ ಎಲ್ಲಿದ್ರಿ?" ಎಂದರು ಅಧ್ಯಕ್ಷರು.

"ಇಲ್ಲೇ ಇದ್ದೆ, ಇಪ್ಪತ್ತೆಂಟು ವರ್ಷದಿಂದ."

"ಇಪ್ಪತ್ತೆಂಟೇ ಅಂತಾರೆ. ವಿನಯ ಅಂದ್ರೆ ಇದು." ಗೋಡೆಯನ್ನು ತಟ್ಟಿದರು. "ಈ ವಾಲೋದು ನೋಡಿ. ಶತಮಾನಗಳ ಭಾರ."

ನಮ್ಮನೆಯವರು ಕೆಮ್ಮಿದರು. ಗೋಡೆ ವಾಲಿದ್ದು ಶತಮಾನಗಳಿಂದಲ್ಲ. ನೆಟ್ಟಗಿದೆಯೇ ಎಂದು ನೋಡಲು ಗುಂಡು ಕಟ್ಟಿದ್ದ ದಾರವನ್ನು ಅವತ್ತು ಹಸು ತಿಂದುಬಿಟ್ಟಿತ್ತು.

"ನಾನು ಮೊದಲಿಂದ್ಲೂ ಹೇಳ್ತಿದ್ದೆ, ಈ ಮಾರ್ಗದ ನಿಜವಾದ ರತ್ನ ಇಲ್ಲಿದೆ ಅಂತ," ಎಂದು ಅಧ್ಯಕ್ಷರು ಇವರ ಬೆನ್ನು ತಟ್ಟಿದರು. "ಬಾಣ ಸರಿಯಾದ ಕಡೆಗೇ ಹಾಕಿದೀರಿ. ಎಷ್ಟೋ ಜನ ನಕ್ಷೆ ನೋಡ್ಕೊಂಡು ಸೇತುವೆ ಕಡೆ ಹಾಕಿಬಿಡ್ತಿದ್ರು."

ಇವರ ಮುಖ ಸುಣ್ಣವಾಯಿತು. ನಾನು ಹಸುವಿನ ಕಡೆ ನೋಡಿದೆ.

ಅಧ್ಯಕ್ಷರು ಒಂದು ಕಾಗದ ತೆಗೆದರು. ಈ ಗೋಡೆಯೂ ತೊಟ್ಟಿಯೂ ಮುನ್ನೂರು ವರ್ಷ ಹಳೆಯವೆಂದು ಹಿರಿಯರಿಂದ ಕೇಳಿ ತಿಳಿದಿದ್ದೇನೆ, ಎಂದು ಅದರಲ್ಲಿತ್ತು. ನನ್ನ ಸಹಿ ಆದರೆ ಕಾಯಂ ಬೋರ್ಡು. ಬರೆಯುವುದು ಇವರೇ.

"ನಮ್ಮ ಹಿರಿಯರು ಹಾಗೆ ಹೇಳಿಲ್ವಲ್ಲ," ಎಂದೆ.

"ಅಲ್ಲ ಅಂತಲೂ ಹೇಳಿಲ್ವಲ್ಲ ತಾಯಿ."

"ಮತ್ತೆ ಸೇತುವೆ?"

"ಸೇತುವೆ ಎಲ್ಲಿಗೂ ಓಡಿಹೋಗಲ್ಲ. ಐನೂರು ವರ್ಷದಿಂದ ಅಲ್ಲೇ ಇದೆ. ಮುಂದಿನ ವರ್ಷ ನೋಡೋಣ."

ಸಹಿ ಮಾಡಿಡಿ ಎಂದು ಕಾಗದ ಬಿಟ್ಟು ಅಧ್ಯಕ್ಷರು ಹೋದ ಮೇಲೆ ಇವರು ಕವಲಿನ ಕಡೆ ನಡೆದು ಹೋದರು. ಒಂದು ಗಂಟೆಯಾದ ಮೇಲೆ ಬಂದು ತೊಟ್ಟಿಯ ಕಟ್ಟೆ ಮೇಲೆ ಕೂತರು. ನಾನು ಊಟಕ್ಕೆ ಕರೆದೆ. ಉಂಡರು. ಅವರಿಗೆ ಗೊತ್ತಾಯಿತೆಂದು ನನಗೆ ಗೊತ್ತು, ನನಗೆ ಗೊತ್ತಿತ್ತೆಂದು ಅವರಿಗೂ ಗೊತ್ತು. "ಉಪ್ಪು ಸರಿಯಾಗಿದೆ," ಎಂದರು.

ಸುಳ್ಳಿನ ಸಾಲು ಇವತ್ತು ಬಿಟ್ಟಿದ್ದೇನೆ, ಕಣ್ಣು ಉರಿಯುತ್ತಿದೆ.

ಭಾನುವಾರ, ಮಾರ್ಚ್ 30

ನಲವತ್ತಕ್ಕೂ ಹೆಚ್ಚು. ಬಿಡುವಾಗಲಿಲ್ಲ.

ಬುಧವಾರ, ಏಪ್ರಿಲ್ 2

ಅಕ್ಕನ ಚೀಟಿ. "ಇನ್ನು ಎಂಟು ದಿನ. ಕುರ್ಚಿ ವಾಪಸು ಕೊಡೋಕೆ ಶುರು ಮಾಡಿದೀನಿ. ಸೊಸೆ ಅಡುಗೆಮನೆ ಪಕ್ಕದ ಸಾಮಾನಿನ ಕೋಣೆ ಖಾಲಿ ಮಾಡಿಸ್ತಿದಾಳಂತೆ. ಒಳ್ಳೇ ಮನಸ್ಸು, ಅಲ್ಲಿ ಕಿಟಕಿ ಇಲ್ಲ ಅಷ್ಟೆ. ನೀನು ಉತ್ತರ ಯಾಕೆ ಬರೀತಿಲ್ಲ, ಹುಷಾರಿಲ್ವಾ? ನಿನ್ನ ಚಿಂತೆ ಬೇರೆ ಹತ್ತಿದೆ."

ನನ್ನ ಚಿಂತೆ. ಅವಳಿಗೆ.

ಎರಡು ಉತ್ತರ ಬರೆದೆ. ಮೊದಲನೆಯದರಲ್ಲಿ ದೇವರ ಇಚ್ಛೆ ಎಂದಿತ್ತು, ಎರಡನೆಯದರಲ್ಲಿ ಸಮಿತಿಯ ಇಚ್ಛೆ ಎಂದಿತ್ತು. ಎರಡನ್ನೂ ಹರಿದು ಒಲೆಗೆ ಹಾಕಿದೆ. ಹಾಲಿನವರಿಗೆ ನಾಳೆ ಎಂದೆ. "ನಿಮ್ಮ ನಾಳೆಗೆ ಎರಡು ವಾರ ಆಯ್ತಮ್ಮ," ಎಂದರು.

ಭಾನುವಾರ, ಏಪ್ರಿಲ್ 6

ಇವತ್ತು ನಿಜ ಹೇಳಿಬಿಡುವುದು ಎಂದು ನಿಶ್ಚಯ ಮಾಡಿ, ತಲೆ ಬಾಚಿ, ನೆಟ್ಟಗೆ ನಡೆದು ಅಂಗಳಕ್ಕೆ ಬಂದೆ. ಐವತ್ತು ಜನ ಇದ್ದರು. ಕ್ಯಾಮೆರಾದ ಹೆಂಗಸು ಹೊಸಬರಿಗೆ ತೊಟ್ಟಿಯ ಕಥೆ ಹೇಳುತ್ತಿದ್ದಳು. ಈಗ ಅದರಲ್ಲಿ ಓಲೆಕಾರ ಗಾಯಗೊಂಡು ಬರುತ್ತಾನೆ. ನಮ್ಮ ವಂಶದ ಹೆಂಗಸೊಬ್ಬಳು ಅವನನ್ನು ಗೋಡೆಯ ಹಿಂದೆ ಬಚ್ಚಿಟ್ಟು ಉಳಿಸುತ್ತಾಳೆ. ಕೇಳುತ್ತಾ ನನಗೇ ಕಣ್ಣು ಒದ್ದೆಯಾಯಿತು. ಆಮೇಲೆ ನೆನಪಾಯಿತು, ಆ ಗೋಡೆಯ ಹಿಂದೆ ನಾವು ಸಗಣಿ ಹಾಕುವುದು.

"ಒಂದು ಮಾತು ಕೇಳಿ," ಎಂದೆ. "ಈ ಗೋಡೆಗೆ ಹನ್ನೊಂದು ವರ್ಷ. ತೊಟ್ಟಿ ಸಿಮೆಂಟಿನದು. ನನಗೆ ಐವತ್ತು. ಕವಲಿನ ಬಾಣ ತಪ್ಪಾಗಿದೆ, ನೀವು ನೋಡಬೇಕಾದ್ದು ಸೇತುವೆ. ಅಲ್ಲಿ ನಮ್ಮಕ್ಕ ಚಹಾ ಮಾಡ್ಕೊಂಡು ಕಾಯ್ತಿದಾಳೆ."

ಆ ಹೆಂಗಸು ನನ್ನ ಭುಜದ ಮೇಲೆ ಕೈ ಇಟ್ಟಳು. "ಅಜ್ಜೀ, ಬಿಸಿಲಲ್ಲಿ ನಿಂತಿದೀರಿ. ಕೂತ್ಕೊಳ್ಳಿ." ಪಕ್ಕದವರಿಗೆ ಮೆಲ್ಲಗೆ ಹೇಳಿದಳು, "ಪಾಪ, ಹೋದ ವಾರ ಚೆನ್ನಾಗಿದ್ರು. ಈಗ ವಯಸ್ಸೂ ಮರೆತುಹೋಗಿದೆ."

"ನಮ್ಮಜ್ಜೀನೂ ಕೊನೇಲಿ ಹೀಗೇ, ಅಕ್ಕ ಅಕ್ಕ ಅಂತಿದ್ರು," ಎಂದನೊಬ್ಬ.

ನನ್ನನ್ನು ಕೂರಿಸಿ, ಗಾಳಿ ಬೀಸಿ, ನನ್ನದೇ ಚಹಾ ನನಗೆ ಕುಡಿಸಿದರು. ತುಂಬ ಒಳ್ಳೆಯ ಜನ. ಯಾರೂ ಸೇತುವೆಗೆ ಹೋಗಲಿಲ್ಲ.

ಸುಳ್ಳು: ಗೋಡೆ, ತೊಟ್ಟಿ, ಕುದುರೆ, ವಯಸ್ಸು, ಮೊಣಕಾಲು, ತಲೆಗೂದಲು, ಗಂಜಿ, ಅಕ್ಕ. ಎಷ್ಟು ದಿನದ ಉಪವಾಸವಾಗುತ್ತದೆ ಎಂದು ಗುರುಗಳನ್ನು ಕೇಳುವ ಧೈರ್ಯವಿಲ್ಲ.

ಸೋಮವಾರ, ಏಪ್ರಿಲ್ 7

ಉಪವಾಸ. ಈ ಸಲ ನೀರು ಮಾತ್ರ.

ಇವರು ಬೋರ್ಡಿನ ಹಲಗೆಗೆ ಹಸಿರು ಬಳಿದು ಒಣಗಲಿಟ್ಟಿದ್ದರು. ಎದುರು ಹೋಗಿ ಕೂತೆ.

"ರೀ, ನಾನು ಆ ಕಾಗದಕ್ಕೆ ಸಹಿ ಹಾಕಲ್ಲ. ಅಕ್ಕ ಗುರುವಾರ ಬೀಗದ ಕೈ ಕೊಡ್ತಾಳೆ."

ಅವರು ಕುಂಚದ ಕೂದಲನ್ನು ಒಂದೊಂದೇ ಎಳೆದು ನೋಡುತ್ತಿದ್ದರು. "ಬಾಣ ಅಳಿಸಿದ್ರೆ ಊರಿಗೆಲ್ಲ ಗೊತ್ತಾಗುತ್ತೆ, ಯಾರು ತಪ್ಪು ಬರೆದಿದ್ದು ಅಂತ. ಮೂವತ್ತು ವರ್ಷ ಆಯ್ತು ಕಣೇ."

"ನಿಮ್ದು ಒಂದು ತಪ್ಪು. ನನ್ನದು ಎಷ್ಟಿದೆ ಗೊತ್ತಾ?"

"ನಿನಗೆ ಯಾವತ್ತಿಂದ ಗೊತ್ತು?"

"ಮೊದಲನೇ ವಾರದಿಂದ."

ಕುಂಚ ಕೆಳಗಿಟ್ಟರು. ಆಮೇಲೆ, "ಹಾಗಾದ್ರೆ ನನ್ನ ಮರ್ಯಾದೆ ಉಳಿಸೋಕೆ ಸುಮ್ನಿದ್ದೆ ಅನ್ನು," ಎಂದರು.

ಹೌದು ಎನ್ನಬಹುದಿತ್ತು. ಎಷ್ಟು ಚೆಂದದ ಮಾತು, ನಾನು ಕೇಳದೆಯೇ ಕೈಗೆ ಕೊಟ್ಟಿದ್ದರು.

"ಮೊದಲನೇ ವಾರ ಹೌದು," ಎಂದೆ. "ಆಮೇಲಿನದಲ್ಲ."

ಅವರು ಎದ್ದು ಕಪ್ಪು ಬಣ್ಣದ ಡಬ್ಬಿ ಹುಡುಕಲು ಹೋದರು.

ಮಂಗಳವಾರ, ಏಪ್ರಿಲ್ 8

ಬೆಳಕು ಹರಿಯುತ್ತಿದ್ದಂತೆ ಇಬ್ಬರೂ ಕವಲಿಗೆ ಹೋದೆವು. ಹಳೆಯ ಬಾಣಕ್ಕೆ ರಸ್ತೆಯ ಕಪ್ಪು ಬಳಿದರು. ಹೊಸದು ಬರೆಯುವಾಗ ನಾನು ಸೈಕಲ್ಲು ಬರುವ ಕಡೆ ನಿಂತು ಕೈ ಚಾಚಿ ತೋರಿಸಿದೆ.

"ಯಾರ ಬಲ?" ಎಂದು ಬಗ್ಗಿದಲ್ಲಿಂದಲೇ ಕೇಳಿದರು.

"ನನ್ನ ಬಲ. ನೀವು ನನ್ನ ಕೈ ನೋಡಿ, ನಿಮ್ಮ ಕೈ ನೋಡ್ಬೇಡಿ."

ಆರು ಸಲ ತಲೆ ಎತ್ತಿ ನೋಡಿದರು. ಅಧ್ಯಕ್ಷರ ಹಲಗೆಯನ್ನೂ ತಂದಿದ್ದರು. ಅದರಲ್ಲಿ 'ಹಳೆಯ ಸೇತುವೆಗೆ ದಾರಿ, ಚಹಾ ಸಿಗುತ್ತದೆ' ಎಂದು ಬರೆದು ಕಂಬಕ್ಕೆ ಕಟ್ಟಿದರು. ಚಹಾ ಎಂಬುದು ಸೇತುವೆಗಿಂತ ದಪ್ಪ ಅಕ್ಷರದಲ್ಲಿದೆ. ಅಧ್ಯಕ್ಷರ ಕಾಗದವನ್ನು ಸಹಿಯಿಲ್ಲದೆ ಇವರೇ ವಾಪಸು ಕೊಟ್ಟು, ಬಾಣದ ತಪ್ಪನ್ನೂ ಬಾಯಿಬಿಟ್ಟು ಹೇಳಿ ಬರುತ್ತಾರಂತೆ. ಹೋಗುವಾಗ ಒಗೆದ ಅಂಗಿ ಹಾಕಿಕೊಂಡರು.

ನಾವು ಕವಲಿನಲ್ಲಿದ್ದಾಗಲೇ ಹಾಲಿನ ವ್ಯಾನು ಬಂದು ಹೋಗಿತ್ತು. ಮಧ್ಯಾಹ್ನ ಕೂತು ಅಕ್ಕನಿಗೆ ಬರೆದೆ:

"ಅಕ್ಕಾ, ಸೈಕಲ್ಲಿನವರು ನಮ್ಮಲ್ಲಿಗೆ ಬರುತ್ತಿದ್ದರು, ಐದು ಭಾನುವಾರದಿಂದ. ಬಾಣ ತಪ್ಪಾಗಿತ್ತು. ಬರೆದವರು ಇವರು, ನೋಡಿಯೂ ಸುಮ್ಮನಿದ್ದವಳು ನಾನು. ನಿನ್ನ ಚೀಟಿ ಓದಿ ಮಡಚಿಟ್ಟು ಅವರಿಗೆ ಚಹಾ ಕೊಟ್ಟೆ. ಅವರು ನನ್ನನ್ನು ನೋಡಲು ಬರುತ್ತಿದ್ದರು. ಅದು ಚೆನ್ನಾಗಿತ್ತು ಅಕ್ಕ, ಅದನ್ನೂ ಬರೆಯದಿದ್ದರೆ ಇದೂ ಸುಳ್ಳಾಗುತ್ತದೆ. ಇವತ್ತು ಬಾಣ ಸರಿ ಮಾಡಿದ್ದೇವೆ. ಬೀಗದ ಕೈ ಕೊಡಬೇಡ, ಕೊಟ್ಟ ಕುರ್ಚಿ ವಾಪಸು ತರಿಸು, ಭಾನುವಾರಕ್ಕೆ ಹಾಲು ಹೆಚ್ಚು ತೆಗೆದುಕೋ. ಸಿಟ್ಟು ಬಂದರೆ ಇಲ್ಲಿಗೇ ಬಂದು ಬಯ್ಯಿ, ಚೀಟಿ ಕಳಿಸಬೇಡ."

ಮಡಚಿದೆ. ಬಿಚ್ಚಿ ಓದಿದೆ. 'ಚೆನ್ನಾಗಿತ್ತು' ಎನ್ನುವ ಸಾಲು ಹೊಡೆದು ಹಾಕಲೇ ಎನಿಸಿತು. ಮತ್ತೆ ಮಡಚಿದೆ. ಮತ್ತೆ ಬಿಚ್ಚಿದೆ. ಒಲೆ ಎರಡೇ ಹೆಜ್ಜೆ ದೂರದಲ್ಲಿದೆ. ನಾಡಿದ್ದು ಗುರುವಾರ.

ಆದ್ದರಿಂದ ಇನ್ನೊಂದು ಚೀಟಿ ಬರೆದು ಗೇಟಿಗೆ ಕಟ್ಟಿದ್ದೇನೆ, ಬೆಳಿಗ್ಗೆ ಮೊದಲು ಕಣ್ಣಿಗೆ ಬೀಳುವ ಹಾಗೆ:

"ಹಾಲಿನ ಅಣ್ಣನವರಿಗೆ. ಅಕ್ಕನಿಗೆ ಬರೆದ ಉತ್ತರ ಅಡುಗೆಮನೆ ಕಿಟಕಿಯಲ್ಲಿದೆ. ಒಳಗೆ ಬಂದು ನೀವೇ ತೆಗೆದುಕೊಂಡು ಹೋಗಿ ಕೊಡಿ. 'ಇರಿ, ಇನ್ನೊಂದು ಸಲ ಓದಿ ಕೊಡ್ತೀನಿ' ಎಂದು ನಾನು ವಾಪಸು ಕೇಳುತ್ತೇನೆ. ದಯವಿಟ್ಟು ನನ್ನ ಕೈಗೆ ಕೊಡಬೇಡಿ."